ಬಾಲ್ ಪೈಥಾನ್ ಮರಿಯ ಚೀಟಿಯಲ್ಲಿ ಏನು ಬರೆಯಬೇಕು

ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯ ಈ ಹಾವಿಗೆ ಸಾಕುವವರ ಮನೆಯಲ್ಲಿ ಬಂದಿರುವ ಬಣ್ಣಗಳಿಗೆ ಲೆಕ್ಕವಿಲ್ಲ. ಇಂಥ ಒಂದೊಂದು ಬಣ್ಣದ ಬಗೆಗೂ 'ಮಾರ್ಫ್' ಎನ್ನುತ್ತಾರೆ; ಸ್ಪೈಡರ್, ಶಾಂಪೇನ್, ಸಿನಮನ್, ಪಾಸ್ಟಲ್, ಬನಾನಾ ಎಲ್ಲ ಮಾರ್ಫ್‌ಗಳ ಹೆಸರು. ಮರಿಯ ಬಣ್ಣ ಕಣ್ಣಿಗೆ ಕಾಣುತ್ತದೆ, ಒಳಗೆ ಅಡಗಿದ ಜೀನ್ ಕಾಣುವುದಿಲ್ಲ. ಹಾಗಾಗಿ ಚೀಟಿಯಲ್ಲಿ ಕಂಡದ್ದು ಬೇರೆ, ತಂದೆತಾಯಿಯಿಂದ ಲೆಕ್ಕ ಹಾಕಿದ್ದು ಬೇರೆ ಬರೆಯಬೇಕು.

ಮೊದಲು ಬೇಡದ ಜೋಡಿಗಳು. ಸ್ಪೈಡರ್ ಹಾವುಗಳಿಗೆ ತಲೆ ಅಲುಗಾಡುವ ತೊಂದರೆ ಜೀನಿನ ಜೊತೆಗೇ ಬರುತ್ತದೆ. ಕಡಿಮೆ ಅಲುಗಾಡುವ ತಾಯಿಯನ್ನು ಆರಿಸಿಕೊಂಡರೆ ಮರಿಗಳೂ ಹಾಗೇ ಇರುತ್ತವೆ ಎಂಬ ಭರವಸೆ ಇಲ್ಲ. ಸ್ಪೈಡರ್ ಬಿಟ್ಟುಬಿಡುವುದೇ ಸರಿ ಎಂದು ನಮ್ಮ ಅಭಿಪ್ರಾಯ. ಶಾಂಪೇನ್‌ಗೆ ಶಾಂಪೇನ್ ಕೂಡಿಸಬೇಡಿ, ತಂದೆಯಿಂದೊಂದು ತಾಯಿಯಿಂದೊಂದು ಹೀಗೆ ಜೀನಿನ ಎರಡು ಪ್ರತಿ ಸಿಕ್ಕ ಮರಿ ಬದುಕುವುದಿಲ್ಲ. ಸೂಪರ್ ಸಿನಮನ್‌ನಲ್ಲಿ, ಅಂದರೆ ಸಿನಮನ್ ಜೀನಿನ ಎರಡು ಪ್ರತಿ ಇರುವ ಮರಿಯಲ್ಲಿ, ಬಾತುಕೋಳಿಯಂಥ ಮೂತಿ, ಸೊಟ್ಟ ಬೆನ್ನು ಕಾಣಿಸಬಹುದು.

ಹೆಣ್ಣಿಗೆ ಕನಿಷ್ಠ 1500 ಗ್ರಾಂ ತೂಕವೂ 3 ವರ್ಷವೂ ಆಗಿರಲಿ. ತಿನ್ನಿಸಿ ತಿನ್ನಿಸಿ ಒಂದೂವರೆ ವರ್ಷಕ್ಕೇ ತೂಕ ಬರಿಸಿದ್ದು ಲೆಕ್ಕಕ್ಕಿಲ್ಲ. ಗಂಡು 700 ಗ್ರಾಂ ಇದ್ದರೆ ಸಾಕು. ಒಂದು ಹಂಗಾಮಿಗೆ ಒಂದೇ ಗಂಡು ಬಿಡಿ: ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳಬಲ್ಲದು. ಎರಡು ಗಂಡು ಬಿಟ್ಟಿದ್ದರೆ ಅಪ್ಪ ಯಾರೆಂಬುದೇ ಗೊತ್ತಾಗದೆ ಕೆಳಗಿನ ಲೆಕ್ಕವೆಲ್ಲ ಕೆಡುತ್ತದೆ.

ಮೊಟ್ಟೆ ಸಿಕ್ಕ ಕೂಡಲೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮಗುಚದೆ ಡಬ್ಬಿಗೆ ಇಡಿ. ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಖನಿಜದ ಹರಳು) ಮತ್ತು ನೀರು ತೂಕದಲ್ಲಿ ಸಮಸಮ, ಶಾಖ 31ರಿಂದ 32 ಡಿಗ್ರಿ ಸೆಲ್ಸಿಯಸ್, ಸುಮಾರು 55ರಿಂದ 60 ದಿನ. ಡಬ್ಬಿಯ ಮೇಲೆ ಜೋಡಿಯ ನಂಬರ್ ಇರಲಿ. ಎರಡು ಜೋಡಿಯ ಮರಿಗಳು ಒಂದೇ ಟಬ್ಬಿನಲ್ಲಿ ಬೆರೆತವೆಂದರೆ ಮುಗಿಯಿತು. ಮೊದಲ ಪೊರೆ ಕಳಚುವವರೆಗೆ, ಅಂದರೆ ವಾರ ಹತ್ತು ದಿನ, ಮಾರ್ಫ್ ಹೆಸರು ಇಡಬೇಡಿ. ಅಲ್ಲಿಯವರೆಗೆ ಬಣ್ಣ ಮಂಕಾಗಿರುತ್ತದೆ.

ಇನ್ನು ಹೆಟ್ ಲೆಕ್ಕ. ಅಲ್ಬಿನೊ ರಿಸೆಸಿವ್, ಅಂದರೆ ಜೀನಿನ ಎರಡು ಪ್ರತಿ ಇದ್ದರೇ ಕಾಣುವುದು. ಒಂದೇ ಪ್ರತಿ ಇದ್ದು ಮಾಮೂಲಿಯಾಗಿ ಕಾಣುವ ಹಾವು 'ಹೆಟ್'. ಅಲ್ಬಿನೊಗೆ ಮಾಮೂಲಿ ಹಾವು ಕೂಡಿಸಿದರೆ ಎಲ್ಲ ಮರಿಯೂ 100% ಹೆಟ್. ಹೆಟ್‌ಗೆ ಹೆಟ್ ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಅಲ್ಬಿನೊ. ಮಾಮೂಲಿಯಾಗಿ ಕಾಣುವ ಮೂರರಲ್ಲಿ ಎರಡು ಹೆಟ್, ಯಾವೆರಡು ಅಂತ ತಿಳಿಯದು, ಆದ್ದರಿಂದ ಮೂರಕ್ಕೂ '66% ಹೆಟ್'. ಹೆಟ್‌ಗೆ ಮಾಮೂಲಿ ಕೂಡಿಸಿದರೆ '50% ಹೆಟ್'. 66% ಎಂದರೆ ಹಾವಿನೊಳಗೆ ಮೂರರಲ್ಲಿ ಎರಡು ಪಾಲು ಅಲ್ಬಿನೊ ಅಂತಲ್ಲ. ಜೀನ್ ಇರುವ ಸಾಧ್ಯತೆ ಅಷ್ಟೆ. ಪರೀಕ್ಷಿಸಲು ಅಲ್ಬಿನೊಗೇ ಕೂಡಿಸಿ: ಒಂದೇ ಒಂದು ಅಲ್ಬಿನೊ ಮರಿ ಬಂದರೂ ಹೆಟ್ ಎಂದು ಖಚಿತ. ನಿಜವಾಗಿ ಹೆಟ್ ಆಗಿದ್ದೂ ಆರು ಮರಿಗಳಲ್ಲಿ ಒಂದೂ ಅಲ್ಬಿನೊ ಬಾರದಿರುವುದು 64ಕ್ಕೊಂದು ಸಲ. ಇನ್ನೊಂದು ಹೆಟ್‌ಗೆ ಕೂಡಿಸಿದ್ದರೆ ಅದೇ ಸುಮಾರು 18%, ಆಗ 'ಹೆಟ್ ಅಲ್ಲ' ಎಂದು ಬರೆಯುವ ಹಾಗಿಲ್ಲ.

ಸಾಕುವವರು ಕಳಿಸಿಕೊಟ್ಟ ಪೊರೆಗಳಿಂದಲೇ ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದವರು 2022ರಲ್ಲಿ ಅಲ್ಬಿನೊ ಬಣ್ಣದ ಹಿಂದಿನ ಜೀನ್ ಗುರುತಿಸಿದರು. ಅಮೆರಿಕದ ಲ್ಯಾಬ್‌ಗಳು ಈಗ ಪೊರೆಯಿಂದಲೇ ಪರೀಕ್ಷೆ ಮಾಡುತ್ತವೆ. ಪೊರೆ ಒಣಗಿಸಿ, ಹಾವಿಗೊಂದರಂತೆ ಕಾಗದದ ಕವರಿನಲ್ಲಿ ಹಾಕಿ. ಒದ್ದೆಯದನ್ನು ಪ್ಲಾಸ್ಟಿಕ್ಕಿಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ.

ಹಳದಿ ಬಣ್ಣವಿಲ್ಲದ ಆಕ್ಸಾಂತಿಕ್ ಮಾರ್ಫ್ ಆದರೆ ಲೈನ್, ಅಂದರೆ ಅದು ಯಾವ ವಂಶದಿಂದ ಬಂದದ್ದು ಎಂದು, ಬರೆಯಲೇಬೇಕು. ವಿಪಿಐ, ಟಿಎಸ್‌ಕೆ ಅಂಥ ಎರಡು ಲೈನುಗಳು. ವಿಪಿಐ ಲೈನಿಗೆ ಟಿಎಸ್‌ಕೆ ಕೂಡಿಸಿದರೆ ಮರಿ ಮಾಮೂಲಿಯಾಗೇ ಹುಟ್ಟುತ್ತದೆ. ಬನಾನಾ ಇನ್ನೂ ವಿಚಿತ್ರ, ಜೀನ್ ಲಿಂಗದ ಕ್ರೋಮೊಸೋಮಿನ ಮೇಲಿದೆ. ತಾಯಿಯಿಂದ ಬನಾನಾ ಪಡೆದ ಗಂಡಿಗೆ ಹುಟ್ಟುವ ಬನಾನಾಗಳು ಹೆಚ್ಚಾಗಿ ಹೆಣ್ಣು, ತಂದೆಯಿಂದ ಪಡೆದದ್ದಕ್ಕೆ ಹೆಚ್ಚಾಗಿ ಗಂಡು. ಹಾಗಾಗಿ ಬನಾನಾ ಗಂಡಿನ ಚೀಟಿಯಲ್ಲಿ ಜೀನ್ ಯಾರಿಂದ ಬಂತೆಂದು ಬರೆಯಿರಿ.

ಚೀಟಿ ಹೀಗಿರಲಿ: 'ಜೋಡಿ 3, ಮರಿ 4. ಹೆಣ್ಣು. ಕಂಡದ್ದು: ಪಾಸ್ಟಲ್. ಲೆಕ್ಕ: 66% ಹೆಟ್ ಅಲ್ಬಿನೊ. ತಂದೆ: ಪಾಸ್ಟಲ್ ಹೆಟ್ ಅಲ್ಬಿನೊ. ತಾಯಿ: ಹೆಟ್ ಅಲ್ಬಿನೊ.' ಹುಟ್ಟಿದ ದಿನ, ತೂಕ, ಕೊನೆಯ ಊಟ ಸೇರಿಸಿ. ಅನುಮಾನ ಇದ್ದಲ್ಲಿ 'ಬಹುಶಃ' ಎಂದು ಬರೆಯಲು ನಾಚಿಕೆ ಬೇಡ.

ಭಾರತದಲ್ಲಿ ಸಾಕುವವರಿಗೆ ಇನ್ನೊಂದು ಕೆಲಸವಿದೆ. ಬಾಲ್ ಪೈಥಾನ್ ಸೈಟ್ಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿ. 2024ರ ನಿಯಮಗಳ ಪ್ರಕಾರ ಇಟ್ಟುಕೊಂಡದ್ದನ್ನೂ ಹುಟ್ಟಿದ ಮರಿಗಳನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಿಸಬೇಕು. ನಮ್ಮ ಹೆಬ್ಬಾವಿನ ಮಾತು ಬೇರೆಯೇ: ಅದನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.