ಮಗು ಮಾತಾಡುವ ಮೊದಲು ಕೋಣೆ ವಿಚಾರಿಸಿ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಜಾಗತಿಕ ಪಿಡುಗು ಎಂದು ಸಾರಿದಾಗ ನಾನು ಮಕ್ಕಳ ಮನಶ್ಶಾಸ್ತ್ರದಲ್ಲಿ ಇಂಟರ್ನ್. ಆಟದ ಕೋಣೆಗೆ ಬೀಗ ಬಿತ್ತು, ಮಕ್ಕಳು ಫೋನಿನ ಪರದೆಗೆ ಬಂದರು. ಮತ್ತೆಂದಾದರೂ ಇಂಥ ಕಾಲದಲ್ಲಿ ತರಬೇತಿಗೆ ಇಳಿಯುವವರು ಮಗುವಿನ ಮನಸ್ಸಿಗಿಂತ ಮೊದಲು ಅದು ಕೂತಿರುವ ಕೋಣೆಯನ್ನು ವಿಚಾರಿಸಿ.

ನಾನು ವಿಚಾರಿಸಿರಲಿಲ್ಲ. ಒಂಬತ್ತು ವರ್ಷದ ಹುಡುಗನನ್ನು "ಮನೇಲಿ ಜಗಳ ಆದಾಗ ನಿಂಗೇನನ್ಸುತ್ತೆ?" ಎಂದು ಕೇಳಿಬಿಟ್ಟೆ. ಅವನ ಕಣ್ಣು ಎಡಕ್ಕೆ ಸರಿಯಿತು. "ಜಗಳ ಆಗಲ್ಲ" ಅಂದ. ಕ್ಯಾಮೆರಾಕ್ಕೆ ಕಾಣದ ಹಾಗೆ ಅಪ್ಪ ಪಕ್ಕದಲ್ಲೇ ಕೂತಿದ್ದರು. ನನ್ನ ಪ್ರಶ್ನೆಯಿಂದ ಹುಡುಗನಿಗೆ ಏನಾಯಿತೋ ಎಂದು ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಬೆಳಗಾಗುತ್ತಲೇ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿದೆ. ನೀವೂ ಅಷ್ಟೇ, ಎಡವಿದ್ದನ್ನು ವಾರದ ಮೀಟಿಂಗಿನವರೆಗೆ ಇಟ್ಟುಕೊಳ್ಳಬೇಡಿ.

ಪ್ರತಿ ಸೆಷನ್ನಿನ ಮೊದಲಿಗೆ, ಮಗು ಈಗ ಇರುವ ವಿಳಾಸವನ್ನೂ ತಕ್ಷಣ ಸಿಗುವ ದೊಡ್ಡವರೊಬ್ಬರ ನಂಬರನ್ನೂ ಬರೆದುಕೊಳ್ಳಿ. ಕರೆ ಕಟ್ಟಾದರೆ ಯಾರು ಮತ್ತೆ ಮಾಡಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಇಯರ್‌ಫೋನ್ ಹಾಕಿಸಿ. ಆದರೂ ಮಗುವಿನ ಉತ್ತರ ಹೊರಗೆ ಕೇಳಿಸುತ್ತದೆ, ಹಾಗಾಗಿ ಒಂದು ಗುಟ್ಟಿನ ಮಾತು ಬೇಕು. ಯಾರಾದರೂ ಒಳಗೆ ಬಂದರೆ "ಪೆನ್ಸಿಲ್ ಮುರೀತು" ಅನ್ನುವುದು ನಮ್ಮ ಒಪ್ಪಂದವಾಯಿತು; ಅಂದ ಕೂಡಲೇ ನಾನು ಆಟದ ಮಾತಿಗೆ ಹೊರಳುತ್ತಿದ್ದೆ. ಗುಟ್ಟಿಗೂ ಮಿತಿಯಿದೆ. ನಿನಗೆ ಅಪಾಯವಿದೆ ಅನ್ನಿಸಿದರೆ ನಾನು ಇನ್ನೊಬ್ಬರಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲ ದಿನವೇ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಬುದ್ಧಿಮಟ್ಟದ ಪರೀಕ್ಷೆಗಳ ಬಗ್ಗೆ ಎಚ್ಚರ. ಬ್ಲಾಕ್ ಜೋಡಿಸುವಂಥವನ್ನು ಮಗು ಎದುರಿಗೆ ಕೂತು ಮಾಡಬೇಕೆಂದೇ ರೂಪಿಸಿದ್ದಾರೆ. ಪರದೆಯಲ್ಲಿ ಬಂದ ಅಂಕವನ್ನು ಎಂದಿನ ಅಂಕದಂತೆ ವರದಿಯಲ್ಲಿ ಬರೆಯಬೇಡಿ.

ಆಟ ಮಾತ್ರ ಬಿಡಬೇಡಿ. ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ಆಡಿಸುತ್ತಿದ್ದ ಗೀಚಾಟಕ್ಕೆ ಎರಡು ಹಾಳೆ ಸಾಕು. ಒಬ್ಬರು ಗೀಚಿದ ಗೆರೆಯನ್ನು ಇನ್ನೊಬ್ಬರು ಚಿತ್ರ ಮಾಡಬೇಕು. ಅದೇ ಹುಡುಗ ಒಂದು ದಿನ ಫೋನನ್ನು ಅಂಗಾತ ಇಟ್ಟುಬಿಟ್ಟ. ನನಗೆ ಕಾಣುತ್ತಿದ್ದದ್ದು ಸೂರು ಮಾತ್ರ. ಮುಖ ತೋರಿಸು ಅನ್ನಲಿಲ್ಲ. ಸೊಟ್ಟ ಗೆರೆಯೊಂದನ್ನು ಎಳೆದು ಕ್ಯಾಮೆರಾದ ಮುಂದೆ ಹಿಡಿದು ಸುಮ್ಮನೆ ಕೂತೆ. ಕೈ ಸೋತಿತು, ಇನ್ನೊಂದು ಕೈಗೆ ಬದಲಿಸಿದೆ. ಸುಮಾರು ಹೊತ್ತಾದ ಮೇಲೆ ಸೂರಿಗೆ ಅಡ್ಡವಾಗಿ ಅವನ ಹಾಳೆ ಬಂತು. ನನ್ನ ಗೆರೆ ಬಸವನಹುಳುವಾಗಿತ್ತು, ಚಿಪ್ಪಿನೊಳಗೆ ಬಲ್ಬು. "ಒಳಗೆ ಕರೆಂಟ್ ಇದೆ" ಅಂದ.

ನೋಟ್ಸ್‌ನಲ್ಲಿ ಆ ಮಾತನ್ನು ಇದ್ದಂತೆಯೇ ಬರೆದು, ಪಕ್ಕದಲ್ಲಿ "ಒಂಟಿತನ" ಎಂದು ಸೇರಿಸಿದ್ದೆ. ಸೂಪರ್‌ವೈಸರ್ ಆ ಒಂದು ಪದ ಹೊಡೆದುಹಾಕಿದರು. "ಬಲ್ಬು ಯಾರು ಹಾಕಿದ್ದು ಅಂತ ಮುಂದಿನ ವಾರ ಅವನನ್ನೇ ಕೇಳಮ್ಮ" ಅಂದರು.