ಬಂದ್ ಮಾಡದೆ ಜಂಕ್ಷನ್ ಅಗೆದ ಕತೆ

ಕಾಸರಗೋಡಿನ ಒಳನಾಡಲ್ಲಿ ನಾಲ್ಕು ರಸ್ತೆ ಸೇರುವ ಒಂದು ಪೇಟೆ, ಹೆಸರು ಬೇಡ, ಬದಿಯಡ್ಕ ಮುಳ್ಳೇರಿಯ ಕಡೆಯವರಿಗೆ ಅಂದಾಜಾದೀತು. ಅಲ್ಲಿಯ ಜಂಕ್ಷನ್ ಅಗಲ ಮಾಡುವ ಕೆಲಸಕ್ಕೆ ಕಂಟ್ರಾಕ್ಟರ್ ಕಡೆಯ ಸೈಟ್ ಎಂಜಿನಿಯರ್ ಆಗಿ ಇದ್ದೆ. ಡಾಂಬರು ಹಾಕುವುದೆಲ್ಲ ಎಷ್ಟೋ ಕಡೆ ಮಾಡಿ ಗೊತ್ತಿತ್ತು, ಆದ್ರೆ ವಾಹನ ನಿಲ್ಲಿಸದೆ ಹಾಕುವುದುಂಟಲ್ಲ, ಅದು ಬೇರೆಯೇ ಕತೆ ಮಾರಾಯ್ರೇ. ಪೂರ್ತಿ ಬಂದ್ ಮಾಡುವ ಹಾಗೇ ಇಲ್ಲ, ಯಾಕಂದ್ರೆ ನಮ್ಮ ಕಡೆ ಯಾರಿಗಾದ್ರೂ ಸೀರಿಯಸ್ ಆದ್ರೆ ಓಡುವುದು ಮಂಗಳೂರಿಗೆ, 2020ರಲ್ಲಿ ಕೊರೋನಾ ಟೈಮಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ ಆಂಬುಲೆನ್ಸಿಗೂ ದಾರಿ ಸಿಗದೆ ಹೋದದ್ದನ್ನು ಇಲ್ಲಿ ಯಾರೂ ಮರ್ತಿಲ್ಲ.

ಮೊದಲು ಎಣಿಸಿದ್ದು. ಇಬ್ಬರು ಹುಡುಗರನ್ನು ಅಂಗಡಿ ಜಗಲಿಯಲ್ಲಿ ಕೂರಿಸಿ ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6, ಹದಿನೈದು ಹದಿನೈದು ನಿಮಿಷಕ್ಕೆ ಗೀಟು ಹಾಕಿಸಿದೆ. ಎಂತ ವಾಹನ ಅನ್ನುವುದು ಮಾತ್ರ ಅಲ್ಲ, ಎಲ್ಲಿಂದ ಬಂದು ಎಲ್ಲಿಗೆ ತಿರುಗಿತು ಅಂತಲೂ ಬರೀಬೇಕು. ಆಮೇಲೆ ಕಾರನ್ನು 1 ಅಂತ ಇಟ್ಟು ಬೈಕು ಲಾರಿ ಬಸ್ಸನ್ನೆಲ್ಲ ಅದರ ಪಾಲಿಗೆ ತೂಗುವ ಪಿಸಿಯು ಲೆಕ್ಕ ಮಾಡಿದೆವು. ಲೆಕ್ಕದ ಪ್ರಕಾರ ಆ ರಸ್ತೆಗೆ ಅಷ್ಟೊಂದು ಜಾಮ್ ಆಗುವ ಕಾರಣವೇ ಇಲ್ಲ! ಮರುದಿನ ನಾನೇ ಹೋಗಿ ಕೂತಾಗ ಗೊತ್ತಾಯ್ತು, ಬಸ್ಸು ನಿಲ್ಲುವುದು ತಿರುವಿನ ಬಾಯಿಯಲ್ಲೇ, ಬಸ್ಸಿನ ಹಿಂದೆ ಆಟೋ, ಆಟೋ ಹಿಂದೆ ಕೆಂಪುಕಲ್ಲಿನ ಲಾರಿ, ಅದಕ್ಕೆ ಬಲಕ್ಕೆ ತಿರುಗ್ಲಿಕ್ಕೆ ಜಾಗ ಸಾಲದೆ ಒಮ್ಮೆ ರಿವರ್ಸ್ ತಗೊಳ್ತದೆ, ಅಷ್ಟರಲ್ಲಿ ನಾಲ್ಕೂ ಕಡೆ ಹಾರ್ನು. ಸಿಗ್ನಲ್ ಲೈಟ್ ಬೇಕು ಅಂತ ಪೇಟೆಯವರು ಹೇಳ್ತಿದ್ರು. ನನಗೆ ಅನ್ನಿಸಿದ್ದು, ಬಸ್‌ಸ್ಟಾಪನ್ನು ಜಂಕ್ಷನ್ ದಾಟಿದ ಮೇಲಕ್ಕೆ ಒಂದು ಅರುವತ್ತು ಮೀಟರ್ ತಳ್ಳಿ ಮೂಲೆಯನ್ನು ಸ್ವಲ್ಪ ಸವರಿದ್ರೆ ಲೈಟೇ ಬೇಡ ಅಂತ.

ಮಳೆ ಬಿಟ್ಟು ನವೆಂಬರಿಗೆ ಶುರು, ಮೇ ಒಳಗೆ ಮುಗಿಸ್ಬೇಕು. ಜೂನಲ್ಲಿ ನಮ್ಮ ಮಳೆ ಹಿಡಿದ್ರೆ ಅಗೆದ ಗುಂಡಿ ಕೆರೆಯೇ. ಹಾಗಾಗಿ ಚರಂಡಿ ಮೊದಲು, ರಸ್ತೆ ಆಮೇಲೆ. ಅದರಲ್ಲೂ ಅರ್ಧ ಅಗಲ ಮಾತ್ರ ಅಗೆಯುವುದು, ಇನ್ನರ್ಧದಲ್ಲಿ ಮೂರೂವರೆ ಮೀಟರ್ ಬಿಟ್ಟು ಒಮ್ಮೆ ಆಚೆಯವರು ಒಮ್ಮೆ ಈಚೆಯವರು. ಎರಡೂ ತುದಿಯಲ್ಲಿ ಒಂದು ಕಡೆ ಸ್ಟಾಪ್ ಇನ್ನೊಂದು ಕಡೆ ಗೋ ಬರೆದ ಬೋರ್ಡ್ ಹಿಡಿದ ಜನ. ಮೊದಲ ವಾರ ಫೋನಲ್ಲೇ ಮಾತಾಡಿಸಿದೆ, ನೆಟ್‌ವರ್ಕ್ ಹೋದ ಒಂದು ಸಂಜೆ ಎರಡೂ ಕಡೆಯವರು ಗೋ ತೋರಿಸಿ ಬಸ್ಸಿಗೆ ಬಸ್ಸು ಮೂತಿಗೆ ಮೂತಿ, ಮರುದಿನವೇ ವಾಕಿಟಾಕಿ ತಂದೆ.

ಕಾರು ಬೈಕಿಗೆ ಒಂದು ಪಂಚಾಯತ್ ರಸ್ತೆ ಬಿಟ್ಟುಕೊಟ್ಟಿದ್ದೆವು, ಅದು ಸರಿ. ಅದರಲ್ಲೇ ಬಸ್ಸನ್ನೂ ಬಿಟ್ಟದ್ದು ನನ್ನ ತಪ್ಪು. ಟೇಪ್ ಹಿಡಿದು ಅಗಲ ಅಳೆದಿದ್ದೆ, ಬಸ್ಸು ಓಡಿಸಿ ನೋಡಿರ್ಲಿಲ್ಲ. ಕಲ್ಲಿನ ಕಾಂಪೌಂಡ್ ಹತ್ರ ಒಂದು ತಿರುವಲ್ಲಿ ಎದುರಿಂದ ಶಾಲೆ ವ್ಯಾನ್ ಬಂದು ಎರಡೂ ಸಿಕ್ಕಿಬಿದ್ದು ಮುಕ್ಕಾಲು ಗಂಟೆ, ಮಕ್ಕಳಿಗೆ ಫಸ್ಟ್ ಪೀರಿಯಡ್ ತಪ್ಪಿತು ಅಂತ ಖುಷಿ, ನನಗೆ ಬೈಗಳು. ಈಗ ಎಲ್ಲೇ ಆದ್ರೂ ಖಾಲಿ ಬಸ್ಸು ಒಂದ್ಸಲ ಓಡಿಸದೆ ಡೈವರ್ಷನ್ ಕೊಡುವುದಿಲ್ಲ.

ಬೋರ್ಡಿನ ಕತೆ ಕೇಳಿ. ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬೇಕು ಅಂತ ನಾನೇ ಹಟ ಹಿಡಿದದ್ದು, ಕನ್ನಡ ಇಲ್ಲದ ಬೋರ್ಡ್ ಅಂದ್ರೆ ನಮಗೆ ಸಿಟ್ಟು ಬರುವುದು ಸಹಜ ತಾನೇ. ಪ್ರಿಂಟಿಂಗಿನವರು ಇಂಗ್ಲಿಷಿನ 'ಮೆನ್ ಅಟ್ ವರ್ಕ್' ಅನ್ನು ಮೊಬೈಲಲ್ಲಿ ತರ್ಜುಮೆ ಮಾಡಿ 'ಪುರುಷರು ಕೆಲಸದಲ್ಲಿದ್ದಾರೆ' ಅಂತ ದೊಡ್ಡದಾಗಿ ಹಾಕಿ ತಂದ್ರು. ಹಾಲಿನ ಸೊಸೈಟಿಗೆ ಬರುವ ಒಬ್ರು ಅಜ್ಜಿ ಓದಿ, "ಹೆಂಗಸ್ರಿಗೆಂತ ರಜೆಯಾ ಮಗಾ?" ಅಂತ ಕೇಳಿದ್ರು. 'ರಸ್ತೆ ಕೆಲಸ ನಡೀತಾ ಉಂಟು, ನಿಧಾನ' ಅಂತ ಪೈಂಟರನ್ನು ಕರೆದು ಕೈಯಲ್ಲೇ ಬರೆಸಿದೆ. ಇನ್ನೊಂದು, ಕೆಂಪು ಬಿಳಿ ರಿಬ್ಬನ್ ಕಟ್ಟಿದ್ರೆ ಬ್ಯಾರಿಕೇಡ್ ಆಯ್ತು ಅಂತ ತಿಳಿಯಬೇಡಿ, ರಾತ್ರಿ ಬೈಕಿನವನಿಗೆ ಅದು ಕಾಣುವುದೇ ಇಲ್ಲ. ಮರಳು ತುಂಬಿದ ಡ್ರಮ್ಮು, ಅದರ ಮೇಲೆ ಬೆಳಕಿಗೆ ಹೊಳೆಯುವ ಸ್ಟಿಕ್ಕರು, ಗುಂಡಿಗಿಂತ ಎಷ್ಟೋ ಮೊದಲೇ ಶುರುವಾಗಿ ಓರೆಯಾಗಿ ಬರ್ಬೇಕು. ಕತ್ತಲಾಗುವ ಮೊದಲು ಅಂಚಿನ ಗುಂಡಿ ತುಂಬಿಸಿಯೇ ಮನೆಗೆ.

ಟೈಮಿನ ವಿಷಯಕ್ಕೆ ಪೇಟೆಯೇ ಕ್ಯಾಲೆಂಡರ್ ಕೊಟ್ಟಿತು. ಶುಕ್ರವಾರ ಜುಮಾ ಹೊತ್ತಿಗೆ ಜೆಸಿಬಿ ನಿಲ್ಲಿಸುವುದು, ಶಾಲೆ ಬಿಡುವಾಗ ಟಿಪ್ಪರ್ ಬೇಡ, ಭೂತಕೋಲ ಇರುವ ರಾತ್ರಿ ಡಾಂಬರು ಬೇಡ. ಆಂಬುಲೆನ್ಸ್ ಡ್ರೈವರ್‌ಗಳ ವಾಟ್ಸಾಪ್ ಗ್ರೂಪಿಗೆ ನನ್ನನ್ನೂ ಸೇರಿಸಿದ್ರು, ಹೊರಟ ಕೂಡ್ಲೇ ಮೆಸೇಜ್ ಬಂದ್ರೆ ಎರಡೂ ಕಡೆ ಸ್ಟಾಪ್ ಹಿಡಿದು ದಾರಿ ಖಾಲಿ. ನೀರಿನ ಪೈಪ್ ಎಲ್ಲಿ ಹೋಗ್ತದೆ ಅಂತ ನಮಗೆ ಸಿಕ್ಕಿದ ನಕ್ಷೆ ಹೇಳಿದ್ದು ಒಂದು, ಮಣ್ಣಿನ ಅಡಿಯಲ್ಲಿ ಇದ್ದದ್ದು ಇನ್ನೊಂದು. ಒಂದು ಸಲ ಒಡೆದು ಇಡೀ ಪೇಟೆಗೆ ಎರಡು ದಿನ ಟ್ಯಾಂಕರ್ ನೀರು ಕೊಟ್ಟ ಮೇಲೆ ಊರಿನ ಹಳೇ ಪ್ಲಂಬರನ್ನು ಕರ್ಕೊಂಡು ಬಂದೆ. ಅವರು ಚಪ್ಪಲಿಯಲ್ಲಿ ಗೀಟು ಎಳೆದು "ಇಲ್ಲಿ ಮುಟ್ಬೇಡ" ಅಂದ್ರು, ಕೈಯಲ್ಲಿ ಗುಂಡಿ ತೋಡಿ ನೋಡಿದ್ರೆ ಅಲ್ಲೇ ಇತ್ತು.

ಜಂಕ್ಷನ್ ನಡುವಿನ ಐಲ್ಯಾಂಡನ್ನು, ಅಂದ್ರೆ ವಾಹನಗಳ ದಾರಿ ಬೇರೆ ಮಾಡುವ ಕಟ್ಟೆಯನ್ನು, ಕೂಡ್ಲೇ ಕಾಂಕ್ರೀಟ್ ಮಾಡ್ಲಿಲ್ಲ. ಡ್ರಮ್ಮನ್ನೇ ಆ ಆಕಾರಕ್ಕೆ ಇಟ್ಟು ಎರಡು ವಾರ ಬಿಟ್ಟೆವು. ದಿನಾ ಬೆಳಿಗ್ಗೆ ಒಂದೇ ಮೂಲೆಯ ಡ್ರಮ್ಮು ಜಜ್ಜಿರ್ತಿತ್ತು, ಲಾರಿಯ ಮುಂದಿನ ಚಕ್ರ ತಪ್ಪಿಸಿಕೊಂಡ್ರೂ ಹಿಂದಿನದ್ದು ಒಳಗಿನಿಂದ ಕಡಿದು ಬರ್ತದೆ, ಡ್ರಾಯಿಂಗಲ್ಲಿ ಅದಕ್ಕೆ ಜಾಗ ಸಾಕಷ್ಟು ಬಿಟ್ಟಿರ್ಲಿಲ್ಲ. ಆ ಮೂಲೆ ಚಿಕ್ಕದು ಮಾಡಿಸಿ ಒಪ್ಪಿಗೆ ತಗೊಂಡೇ ಕಾಂಕ್ರೀಟ್ ಹಾಕಿದ್ದು.

ಸ್ಟಾಪ್ ಬದಲಿಸ್ಲಿಕ್ಕೆ ಬಸ್ಸಿನವರು ಒಪ್ಪಿದ್ದು ಆಟೋದವರಿಂದ. ಆಟೋ ಸ್ಟ್ಯಾಂಡನ್ನು ಹೊಸ ಸ್ಟಾಪಿನ ಪಕ್ಕವೇ ಕೊಡ್ತೇವೆ ಅಂದದ್ದೇ, ಜನರನ್ನು ಅವರೇ ಅಲ್ಲಿಗೆ ಕರೀಲಿಕ್ಕೆ ಶುರು ಮಾಡಿದ್ರು, ಜನ ಇದ್ದಲ್ಲಿ ಬಸ್ಸು ನಿಲ್ಲಲೇಬೇಕಲ್ಲ. ಹಳೇ ಜಾಗದಲ್ಲಿ ಈಗಲೂ ಇಬ್ಬರು ಮೂವರು ಕೊಡೆ ಹಿಡಿದು ನಿಂತಿರ್ತಾರೆ, ಡ್ರೈವರ್ ಪರಿಚಯದವನಾದ್ರೆ ನಿಲ್ಲಿಸಿಯೂ ನಿಲ್ಲಿಸ್ತಾನೆ. ಮಳೆ ಕಳೆದ ಮೇಲೆ ಅಲ್ಲಿ ಕಂಬಿ ಹಾಕ್ಲಿಕ್ಕುಂಟು.