ಥೈರಾಯ್ಡ್ ಗಡ್ಡೆಗೆ ಐಎಚ್‌ಸಿ: ಯಾವ ಮಾರ್ಕರ್ ಯಾವಾಗ ಹಚ್ಚಬೇಕು, ಹೇಗೆ ಓದಬೇಕು

ವಿಜಯಪುರದ ನಮ್ಮ ಪ್ರಯೋಗಾಲಯಕ್ಕೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಜಮಖಂಡಿ ಕಡೆಯಿಂದ ಬರುವ ಥೈರಾಯ್ಡ್ ಗಡ್ಡೆಗಳ ಜೊತೆಗೆ ‘ಐಎಚ್‌ಸಿ ಮಾಡಿರಿ’ ಎಂಬ ಒಂದೇ ಸಾಲಿನ ಚೀಟಿ ಈಚೆಗೆ ಸಾಮಾನ್ಯವಾಗಿದೆ. ಐಎಚ್‌ಸಿ ಎಂದರೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ: ಕೋಶದ ಒಂದು ನಿರ್ದಿಷ್ಟ ಪ್ರೋಟೀನಿಗೆ (ಮಾರ್ಕರ್) ಅಂಟುವ ಪ್ರತಿಕಾಯವನ್ನು ಹಚ್ಚಿ, ಅದು ಇದೆಯೇ ಎಂಬುದನ್ನು ಕಂದು ಬಣ್ಣದಿಂದ ತೋರಿಸುವ ಪರೀಕ್ಷೆ. ಯಾವ ಸಂಶಯಕ್ಕಾಗಿ ಎಂಬುದು ಆ ಚೀಟಿಯಲ್ಲಿ ಇರುವುದಿಲ್ಲ. ಮಾರ್ಕರ್ ಎಂಬುದು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ, ಮತ್ತು ಆ ಪ್ರಶ್ನೆ ಹುಟ್ಟಬೇಕಾದದ್ದು ಹಿಮಟಾಕ್ಸಿಲಿನ್-ಇಯೋಸಿನ್ ಹಚ್ಚಿದ ಸಾದಾ ಸ್ಲೈಡನ್ನು ಸಮಾಧಾನದಿಂದ ನೋಡಿದ ಮೇಲೆ. ಹೊಸದಾಗಿ ಪೆಥಾಲಜಿ ಕಲಿಯುತ್ತಿರುವವರನ್ನೂ ಟೆಕ್ನಿಷಿಯನ್‌ರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಫಾರ್ಮಲಿನ್, ಅಂದರೆ ಅಂಗಾಂಶ ಕೊಳೆಯದಂತೆ ಕಾಪಾಡುವ ದ್ರಾವಣದ ವಿಷಯ. ಒಮ್ಮೆ ಒಂದು ಆಸ್ಪತ್ರೆಯಿಂದ ಸಲೈನ್‌ನಲ್ಲಿ ಮುಳುಗಿಸಿದ ಗಡ್ಡೆ ಬಸ್ಸಿನಲ್ಲಿ ಬಂದಿತ್ತು; ಅದರ ಅಂಚಿನ ಕೋಶಗಳಲ್ಲಿ ಟಿಟಿಎಫ್-1 ಎಂಬ ಥೈರಾಯ್ಡ್ ಮಾರ್ಕರ್ ಸ್ಪಷ್ಟವಾಗಿ ಕಂಡರೆ ನಡುಭಾಗದಲ್ಲಿ ಪೂರ್ತಿ ಮಾಯವಾಗಿತ್ತು. ನಡುಭಾಗದ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ತುಂಡು) ಒಂದನ್ನೇ ನೋಡಿದ್ದರೆ ‘ನೆಗೆಟಿವ್’ ಎಂದು ಬರೆದುಬಿಡುತ್ತಿದ್ದೆ. ಆದ್ದರಿಂದ ಗಡ್ಡೆಯನ್ನು ತೆಗೆದ ಒಂದು ತಾಸಿನೊಳಗೆ, ಅದರ ಗಾತ್ರದ ಹತ್ತುಪಟ್ಟು ಶೇ. 10ರ ಬಫರ್ಡ್ ಫಾರ್ಮಲಿನ್‌ನಲ್ಲಿ ಹಾಕಿ ಬೇಗ ಕಳಿಸಿರಿ. ಶಸ್ತ್ರಚಿಕಿತ್ಸಕರು ತಾವೇ ಅದನ್ನು ಸೀಳಬಾರದು; ಪ್ರಯೋಗಾಲಯದಲ್ಲಿ ಹೊರ ಅಂಚಿಗೆ ಮಸಿ ಹಚ್ಚಿದ ಮೇಲೆ ಸೀಳಿದರೆ ದ್ರಾವಣ ಒಳಗೂ ಇಳಿಯುತ್ತದೆ, ಕವಚವೂ ಕೆಡುವುದಿಲ್ಲ.

3ರಿಂದ 4 ಮೈಕ್ರಾನ್ ದಪ್ಪದ ಸೀಳನ್ನು ಚಾರ್ಜ್ಡ್ ಸ್ಲೈಡಿನ ಮೇಲೆ ತೆಗೆದುಕೊಳ್ಳಿರಿ. ಬಫರನ್ನು ಡಿಸ್ಟಿಲ್ಡ್ ನೀರಿನಲ್ಲೇ ತಯಾರಿಸಬೇಕು, ಏಕೆಂದರೆ ನಮ್ಮ ಭಾಗದ ಬೋರ್‌ವೆಲ್ ನೀರಿನ ಲವಣ ಪಿಎಚ್ ಅನ್ನು ಬದಲಿಸಿಬಿಡುತ್ತದೆ. ಏಪ್ರಿಲ್-ಮೇ ತಿಂಗಳ ಒಣ ಬಿಸಿಯಲ್ಲಿ ಪ್ರತಿಕಾಯ ಹಾಕಿದ ಸ್ಲೈಡುಗಳನ್ನು ಒದ್ದೆ ಬಟ್ಟೆ ಹಾಸಿದ ಮುಚ್ಚಿದ ಪೆಟ್ಟಿಗೆಯಲ್ಲಿ ಇಡದಿದ್ದರೆ ಅಂಚು ಒಣಗಿ, ಅಲ್ಲಿ ಮಾತ್ರ ಗಾಢ ಕಂದು ಬಣ್ಣ ಕೂರುತ್ತದೆ. ಅದನ್ನು ಪಾಸಿಟಿವ್ ಎಂದು ಎಣಿಸಕೂಡದು.

ಗಡ್ಡೆ ಥೈರಾಯ್ಡ್ ಮೂಲದ್ದೇ ಎಂಬ ಪ್ರಶ್ನೆ ಇದ್ದರೆ ಟಿಟಿಎಫ್-1, ಪ್ಯಾಕ್ಸ್-8 ಮತ್ತು ಥೈರೊಗ್ಲಾಬ್ಯುಲಿನ್ ಹಚ್ಚಿರಿ. ಮೊದಲಿನ ಎರಡು ಕೋಶಕೇಂದ್ರದಲ್ಲಿ, ಮೂರನೆಯದು ಕೋಶರಸದಲ್ಲಿ ಕಾಣಬೇಕು. ಶ್ವಾಸಕೋಶದ ಅಡಿನೊಕಾರ್ಸಿನೋಮದಲ್ಲೂ ಟಿಟಿಎಫ್-1 ಇರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಥೈರೊಗ್ಲಾಬ್ಯುಲಿನ್ ಪಕ್ಕದ ಕೋಶಗಳಿಗೆ ಸೋರುವ ಸ್ವಭಾವದ್ದು. ಅನಾಪ್ಲಾಸ್ಟಿಕ್ ಕಾರ್ಸಿನೋಮದಲ್ಲಿ (ಕೋಶಗಳು ಮೂಲ ರೂಪವನ್ನೇ ಕಳೆದುಕೊಂಡ ಉಗ್ರ ಕ್ಯಾನ್ಸರ್) ಟಿಟಿಎಫ್-1, ಥೈರೊಗ್ಲಾಬ್ಯುಲಿನ್ ಎರಡೂ ಸಾಮಾನ್ಯವಾಗಿ ಅಳಿದುಹೋಗುತ್ತವೆ, ಪ್ಯಾಕ್ಸ್-8 ಮಾತ್ರ ಹಲವು ಗಡ್ಡೆಗಳಲ್ಲಿ ಉಳಿದಿರುತ್ತದೆ. ಗಡ್ಡೆ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಯದ್ದು ಎಂಬ ಅನುಮಾನಕ್ಕೆ ಗಾಟಾ-3 ಸಾಕಷ್ಟು ನೆರವಾಗುತ್ತದೆ.

ಮೆಡುಲರಿ ಕಾರ್ಸಿನೋಮ (ಥೈರಾಯ್ಡಿನಲ್ಲಿ ಕ್ಯಾಲ್ಸಿಟೋನಿನ್ ತಯಾರಿಸುವ ಸಿ-ಕೋಶಗಳ ಕ್ಯಾನ್ಸರ್) ಎಂಬ ಸಂಶಯವನ್ನು ಎಂದಿಗೂ ಬಿಡಬಾರದು, ಏಕೆಂದರೆ ಚಿಕಿತ್ಸೆಯೂ ಕುಟುಂಬದವರ ತಪಾಸಣೆಯೂ ಅದರಿಂದ ಬದಲಾಗುತ್ತವೆ. ಕ್ಯಾಲ್ಸಿಟೋನಿನ್, ಸಿಇಎ, ಕ್ರೋಮೊಗ್ರಾನಿನ್ ಪಾಸಿಟಿವ್, ಥೈರೊಗ್ಲಾಬ್ಯುಲಿನ್ ನೆಗೆಟಿವ್ ಇದ್ದು, ಕಾಂಗೊ ರೆಡ್ ಹಚ್ಚಿದಾಗ ಧ್ರುವೀಕೃತ ಬೆಳಕಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಶೇಖರಣೆ ಹಸಿರಾಗಿ ಹೊಳೆದರೆ ಉತ್ತರ ಸಿಕ್ಕಂತೆ. ಈ ಕ್ಯಾನ್ಸರ್ ವಂಶಪಾರಂಪರ್ಯವೇ ಎಂದು ತಿಳಿಸುವ ರೆಟ್ ಜೀನ್ ಪರೀಕ್ಷೆಯ ಸಲಹೆಯನ್ನು ಅದೇ ವರದಿಯಲ್ಲಿ ಬರೆಯಿರಿ.

ನಿಜವಾದ ಕಷ್ಟ ಇರುವುದು ಕವಚದೊಳಗಿನ ಫಾಲಿಕ್ಯುಲರ್ ವಿನ್ಯಾಸದ (ಕೋಶಗಳು ಚಿಕ್ಕ ಚೀಲಗಳಂತೆ, ಅಂದರೆ ಫಾಲಿಕಲ್‌ಗಳಾಗಿ ಜೋಡಿಸಿಕೊಂಡ) ಗಂಟುಗಳಲ್ಲಿ. ಕೋಶಕೇಂದ್ರಗಳು ಸ್ವಲ್ಪ ತಿಳಿಯಾಗಿವೆ, ಅಲ್ಲೊಂದು ಇಲ್ಲೊಂದು ಸೀಳುಗೀರು ಇದೆ, ಪ್ಯಾಪಿಲ್ಲಗಳು (ಬೆರಳಿನಂಥ ಚಾಚುಗಳು) ಇಲ್ಲ: ಇಂಥಲ್ಲಿ ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3, ಸಿಕೆ19 ಈ ಮೂರನ್ನೂ ಒಟ್ಟಿಗೆ ಹಚ್ಚುವುದು ರೂಢಿ. ಎಚ್‌ಬಿಎಂಇ-1 ಕೋಶಪೊರೆಯ ಮೇಲೆ, ಅದರಲ್ಲೂ ಫಾಲಿಕಲ್‌ನ ಒಳಮೈಗೆ, ಪೆನ್ನಿನಿಂದ ಎಳೆದ ಕಂದು ಗೆರೆಯಂತೆ ಕಾಣಬೇಕು. ಫಾಲಿಕಲ್ ಒಳಗೆ ತುಂಬಿರುವ ಕೊಲಾಯ್ಡ್‌ಗೆ ಹತ್ತಿದ ಬಣ್ಣಕ್ಕೆ ಬೆಲೆಯಿಲ್ಲ. ಸಿಕೆ19 ಗಂಟಿನ ತುಂಬ ಗಾಢವಾಗಿದ್ದರೆ ಮಾತ್ರ ಅರ್ಥವುಳ್ಳದ್ದು, ಏಕೆಂದರೆ ಹಾಶಿಮೊಟೊ ಉರಿಯೂತದಲ್ಲೂ ಹಿಂದೆ ಸೂಜಿ ಚುಚ್ಚಿದ ಜಾಗದಲ್ಲೂ ಅದು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಗ್ಯಾಲೆಕ್ಟಿನ್-3 ಓದುವಾಗ ಅದೇ ಸ್ಲೈಡಿನ ಮ್ಯಾಕ್ರೋಫೇಜ್‌ಗಳು ಕಂದಾಗಿವೆಯೇ ಎಂದು ಮೊದಲು ನೋಡಿರಿ. ಆಗಿರದಿದ್ದರೆ ಆ ಸ್ಲೈಡೇ ಕೆಟ್ಟಿದೆ. ಆಂಕೊಸೈಟಿಕ್ ಕೋಶಗಳಲ್ಲಿ (ಮೈಟೊಕಾಂಡ್ರಿಯ ತುಂಬಿದ ಗುಲಾಬಿ ಬಣ್ಣದ ದೊಡ್ಡ ಕೋಶಗಳು) ಬಯೋಟಿನ್ ಸಹಜವಾಗಿಯೇ ಹೆಚ್ಚಿರುವುದರಿಂದ ಬಯೋಟಿನ್ ಆಧಾರಿತ ಕಿಟ್ ಸುಳ್ಳು ಬಣ್ಣ ತೋರಿಸುತ್ತದೆ. ಪಾಲಿಮರ್ ಕಿಟ್ ಬಳಸಿರಿ.

ಮೂರೂ ಪಾಸಿಟಿವ್ ಬಂದರೆ ಕ್ಯಾನ್ಸರಿನ ಕಡೆಗೆ ತೂಕ ಹೆಚ್ಚುತ್ತದೆ. ಆದರೂ ಫಾಲಿಕ್ಯುಲರ್ ಅಡಿನೋಮವೋ (ಕ್ಯಾನ್ಸರಲ್ಲದ ಗಡ್ಡೆ) ಕಾರ್ಸಿನೋಮವೋ ಎಂಬುದನ್ನು ಕವಚ ಅಥವಾ ರಕ್ತನಾಳದೊಳಗೆ ಗಡ್ಡೆ ನುಗ್ಗಿದೆಯೇ ಎಂಬುದೊಂದೇ ನಿರ್ಧರಿಸುತ್ತದೆ, ಮತ್ತು ಅದನ್ನು ಈ ಮೂರರಲ್ಲಿ ಯಾವುದೂ ತೋರಿಸಲಾರದು. ಹಣ ಸೀಮಿತವಾಗಿರುವ ಕಡೆ ನಾನು ಮೊದಲು ಕವಚವನ್ನು ಪೂರ್ತಿ ಬ್ಲಾಕ್ ಮಾಡಿಸುತ್ತೇನೆ. ನಾಳದ ಬಗ್ಗೆ ಅನುಮಾನ ಉಳಿದರೆ ಸಿಡಿ31 ಹಚ್ಚಿ ಅದರ ಒಳಪದರವನ್ನು ಗುರುತಿಸುತ್ತೇನೆ. ಬಿ-ರಾಫ್ ಜೀನಿನ ವಿ600ಇ ಎಂಬ ಬದಲಾವಣೆಯನ್ನು ಗುರುತಿಸುವ ಪ್ರತಿಕಾಯವು ಕೋಶರಸದಲ್ಲಿ ಸಮವಾಗಿ ಕಂಡರೆ ಪ್ಯಾಪಿಲ್ಲರಿ ಕಾರ್ಸಿನೋಮಕ್ಕೆ ಬಲವಾದ ಆಧಾರ, ಕಾಣದಿದ್ದರೆ ಅದು ಕ್ಯಾನ್ಸರ್ ಇಲ್ಲವೆಂಬುದಕ್ಕೆ ಆಧಾರವಾಗದು. 2016ರಲ್ಲಿ ಕ್ಯಾನ್ಸರ್ ಎಂಬ ಹೆಸರಿನಿಂದ ಹೊರಬಂದ ನಿಫ್ಟಿಪಿ (ಎಲ್ಲೂ ನುಗ್ಗದ, ಪ್ಯಾಪಿಲ್ಲರಿ ಬಗೆಯ ಕೋಶಕೇಂದ್ರಗಳುಳ್ಳ ಫಾಲಿಕ್ಯುಲರ್ ಗಡ್ಡೆ) ಎಂದು ಬರೆಯಲು ಹೊರಟಾಗ ಬಿ-ರಾಫ್ ಪಾಸಿಟಿವ್ ಬಂದರೆ ಆ ರೋಗನಿರ್ಣಯವನ್ನು ಕೈಬಿಡಬೇಕು.

ವರದಿಯಲ್ಲಿ ‘ಸಿಕೆ19 ಪಾಸಿಟಿವ್’ ಎಂದಷ್ಟೇ ಬರೆಯದೆ, ಎಷ್ಟು ಪಾಲು ಕೋಶಗಳಲ್ಲಿ, ಕೋಶದ ಯಾವ ಭಾಗದಲ್ಲಿ, ಎಷ್ಟು ಗಾಢ, ಕಂಟ್ರೋಲ್ (ಹೋಲಿಕೆಗಾಗಿ ಜೊತೆಗೆ ಹಚ್ಚಿದ, ಉತ್ತರ ಮೊದಲೇ ಗೊತ್ತಿರುವ ಅಂಗಾಂಶ) ಸರಿಯಿತ್ತೇ ಎಂಬುದನ್ನು ಬರೆಯಿರಿ. ಬ್ಲಾಕ್ ಸಂಖ್ಯೆಯೂ ರೋಗಿಯ ಕೈಯಲ್ಲಿರುವ ವರದಿಯಲ್ಲಿರಲಿ. ವರ್ಷಗಳ ನಂತರ ಅವರ ಶ್ವಾಸಕೋಶದಲ್ಲಿ ಗಂಟು ಕಂಡರೆ, ಹೋಲಿಸಿ ನೋಡಲು ಹುಡುಕುವುದು ಅದೇ ಬ್ಲಾಕನ್ನು.